ಶವವಾಹನದ ಹಿಂದಿನ ಚಕ್ರ

ಶವವಾಹನದ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಶವವಾಹನದ ಹಿಂದಿನ ಚಕ್ರ ಸೊಟ್ಟಗಿತ್ತು. ನೀವು ಕೆಲಸದಿಂದ ತೆಗೆದದ್ದು ಮುಂದೆ ಕೂತು ಓಡಿಸುತ್ತಿದ್ದ ಬೆಟ್ಟಸ್ವಾಮಿಯನ್ನು. ಗುತ್ತಿಗೆ ಚಾಲಕನನ್ನು ತೆಗೆಯಲು ಒಂದು ಫೋನು ಸಾಕು, ಚಕ್ರ ನೋಡಬೇಕೆಂದರೆ ಸೊಂಟ ಬಗ್ಗಿಸಬೇಕು. ತಾವು ಸುಲಭದ್ದನ್ನೇ ಆರಿಸಿಕೊಂಡಿರಿ. ಇದೇನು ನ್ಯಾಯ ಎಂದು ನಾನು ಬರೆದು ಕೇಳಿದ್ದಕ್ಕೆ ನಿಮ್ಮ ಕಚೇರಿ ಉತ್ತರ ಕೊಟ್ಟಿದೆ: "ಸದರಿ ವಾಹನದ ಪ್ರಯಾಣಿಕರಿಂದ ಈವರೆಗೆ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ." ಶವವಾಹನದ ಪ್ರಯಾಣಿಕರಿಂದ! ಇದನ್ನು ಒಬ್ಬರು ಬರೆದಿದ್ದಾರೆ, ಇನ್ನೊಬ್ಬರು ಟೈಪು ಮಾಡಿದ್ದಾರೆ, ತಾವು ಸಹಿ ಹಾಕಿದ್ದೀರಿ. ಒಬ್ಬರಿಗೂ ನಗು ಬರಲಿಲ್ಲವೆಂದರೆ ನಿಮ್ಮ ಕಚೇರಿಯ ಶಿಸ್ತು ಮೆಚ್ಚತಕ್ಕದ್ದೇ.

ಏನು ನಡೆಯಿತೆಂದು ಹೇಳುತ್ತೇನೆ. ನಾನು ಬಿಳಿಗೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಕಾಯಿಲೆ ಬಿದ್ದ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ, ನಮ್ಮ ಮನೆಯಲ್ಲಿದ್ದಳು, ಅಲ್ಲೇ ತೀರಿಕೊಂಡಳು. ಮೂಗೂರಿನ ಹೊಲದಲ್ಲಿ ಗಂಡನ ಸಮಾಧಿಯ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ಅವಳು ಹೇಳಿದ್ದಳು. ನಿಮ್ಮ ಗಾಡಿ ಬಂತು. ನಮ್ಮ ಮನೆ ಮುಂದೆ ನೀರು ನಿಂತಿತ್ತು, ಅದನ್ನು ತುಳಿದು ಒಣ ಕಾಂಕ್ರೀಟಿನ ಮೇಲೆ ಸಾಗಿದ ಗಾಡಿ ಹಿಂದೆ ನಾಲ್ಕು ಒದ್ದೆ ಗೆರೆ ಬಿಟ್ಟಿತು. ನೆಟ್ಟಗಿರುವ ಗಾಡಿ ನೇರ ಹೋದರೆ ಎರಡೇ ಗೆರೆ ಬೀಳುತ್ತವೆ, ಮುಂದಿನ ಚಕ್ರದ ಜಾಡಿನಲ್ಲೇ ಹಿಂದಿನದು ಬರುತ್ತದೆ. ಈ ಗಾಡಿ ಮೂತಿ ಒಂದು ಕಡೆ, ಬೆನ್ನು ಒಂದು ಕಡೆ ಮಾಡಿಕೊಂಡು ಓರೆಯಾಗಿ ಓಡುತ್ತಿತ್ತು. ನೇರ ಹೋಗಲು ಬೆಟ್ಟಸ್ವಾಮಿ ಸ್ಟೇರಿಂಗನ್ನು ಸದಾ ಎಡಕ್ಕೆ ತಿರುಗಿಸಿಯೇ ಹಿಡಿದಿರಬೇಕಿತ್ತು.

"ಇದೇನಪ್ಪಾ ಇಂಗೋಡುತ್ತೆ?" ಎಂದು ಅವನ ಪಕ್ಕ ಹತ್ತಿ ಕೂತ ನಾನು ಕೇಳಿದೆ.

"ಇಂದ್ಲು ಚಕ್ರ ಸೊಟ್ಟಾಗದೆ ಕನಾ ಸಾ. ಆಪೀಸ್ನೋರ್ಗೆ ಏಳಿ ಏಳಿ ಸಾಕಾಯ್ತು. ಸ್ಟೇರಿಂಗ್ ಇರೋದು ಮುಂದೆ ಅಲ್ವೇನಯ್ಯ ಅಂತ ಮುಂದ್ಲು ಚಕ್ರಾನೇ ಅಲೈನ್‌ಮೆಂಟ್ ಮಾಡಿಸ್ಕೊಡ್ತಾರೆ."

ಹೆಮ್ಮರಗಾಲ ದಾಟಿದ ಮೇಲೆ ಎಡಗಡೆಯ ಹಿಂದಿನ ಟೈರು ಸಿಡಿಯಿತು. ಗಾಡಿ ಚರಂಡಿಗೆ ವಾಲಿ ನಿಂತಿತು. ಹೆಣ ಮಲಗಿಸಿದ್ದ ಕಬ್ಬಿಣದ ತಟ್ಟೆ ಜಾರಿ, ಪಕ್ಕದ ಬೆಂಚಿನಲ್ಲಿ ಕೂತಿದ್ದ ದೊಡ್ಡಮ್ಮನ ಮಗಳು ರುದ್ರಾಣಿಯ ಮಂಡಿಗೆ ಬಡಿಯಿತು. ಸತ್ತವಳಿಗೆ ಒಂದು ಗೀರೂ ಆಗಲಿಲ್ಲ, ಬದುಕಿದ್ದವಳ ಮಂಡಿಚಿಪ್ಪು ಒಡೆಯಿತು. ಬಾಳೆಗೊನೆ ತರಲು ಹೊರಟಿದ್ದ ಗೂಡ್ಸ್ ಆಟೊದಲ್ಲಿ ದೊಡ್ಡಮ್ಮನನ್ನು ಮೂಗೂರಿಗೆ ಒಯ್ದೆವು. ಆಸ್ಪತ್ರೆಗೆ ಹೋಗು ಎಂದರೂ ರುದ್ರಾಣಿ ಕೇಳದೆ ಹಲ್ಲು ಕಚ್ಚಿಕೊಂಡು ಬಂದಳು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಕೊಂಡೇ ಹೆತ್ತವಳಿಗೆ ಹಿಡಿ ಮಣ್ಣು ಹಾಕಿದಳು. "ಬದುಕಿರೋಗಂಟ ಒಂದೇಟು ಒಡೆದೋಳಲ್ಲ ನಮ್ಮವ್ವ, ಸತ್ತ್ ಮ್ಯಾಕೆ ಮಂಡಿ ಮುರುದ್ಬುಟ್ಳು" ಎಂದು ನಕ್ಕಳು. ಆಮೇಲೆ ಅವಳು ಅತ್ತ ಅಳು ನನಗೆ ಇನ್ನೂ ಕೇಳಿಸುತ್ತದೆ.

ತಮ್ಮ ತನಿಖೆಯ ವಿಷಯಕ್ಕೆ ಬರೋಣ. ವರದಿಯಲ್ಲಿ ಸಿಡಿಯದೆ ಉಳಿದ ಬಲಗಡೆ ಟೈರಿನ ಫೋಟೊ ಅಂಟಿಸಿ, "ಟೈರು ಸುಸ್ಥಿತಿಯಲ್ಲಿದೆ, ಚಾಲಕನ ಅಜಾಗರೂಕತೆಯೇ ಕಾರಣ" ಎಂದು ಷರಾ ಬರೆದಿದ್ದೀರಿ. ಫೋಟೊದಲ್ಲಿ ಟೈರು ಮದುಮಗನ ಹಾಗೆ ಮಿರಮಿರ ಮಿಂಚುತ್ತಿದೆ, ಸುಳ್ಳಲ್ಲ. ಗಾಡಿ ನಿಂತಿದ್ದ ಗ್ಯಾರೇಜಿಗೆ ನಾನೂ ಹೋಗಿದ್ದೆ. ಅದೇ ಟೈರಿನ ಒಳಮಗ್ಗುಲಿಗೆ ಕೈಯಿಟ್ಟರೆ ತಂತಿ ಚುಚ್ಚುತ್ತದೆ. ಹೊರಗಿನ ಅಂಚು ಹೊಸದು, ಒಳಗಿನ ಅಂಚು ಬೋಳು. ಹಿಂದಿನೆರಡು ಚಕ್ರ ಕೂಡಿಸುವ ಆಕ್ಸಲ್ ಬಗ್ಗಿ, ಒಂದು ಕಡೆ ಹಿಂದಕ್ಕೆ ಜಾರಿದ್ದರೆ ಟೈರು ಉರುಳುವುದಿಲ್ಲ, ರಸ್ತೆಗೆ ಉಜ್ಜಿಕೊಂಡು ಹೋಗುತ್ತದೆ, ಒಂದೇ ಅಂಚು ಸವೆಯುತ್ತದೆ. ಮುಂದಿನ ಚಕ್ರವನ್ನು ನೂರು ಸಲ ಸರಿಮಾಡಿಸಿದರೂ ಹಿಂದಿನದು ತನ್ನ ಹಠ ಬಿಡುವುದಿಲ್ಲ. ನನ್ನ ಗೂಡ್ಸ್ ಗಾಡಿಗೆ ಹೀಗಾಗಿದ್ದಾಗ ಬಗ್ಗಿ ನೋಡಿದೆ, ಗೊತ್ತಾಯಿತು. ಇದಕ್ಕೆ ಪಾಂಡಿತ್ಯ ಬೇಕಿಲ್ಲ, ಪ್ಯಾಂಟಿನ ಮಂಡಿಗೆ ಮಣ್ಣಾದರೆ ಸಾಕು. ತಮ್ಮ ಇಸ್ತ್ರಿ ಅಷ್ಟೊಂದು ಅಮೂಲ್ಯವೇ?

ಆಕ್ಸಲ್ ಬಗ್ಗಿದ್ದು ಹೇಗೆಂದು ಊರಿಗೆಲ್ಲ ಗೊತ್ತು, ತಮಗೊಬ್ಬರಿಗೆ ಗೊತ್ತಿಲ್ಲ. ತಾವು ಶಾಲು ಹೊದ್ದು ಸನ್ಮಾನ ಮಾಡಿಸಿಕೊಂಡ ಸಮಾರಂಭದ ವೇದಿಕೆಗೆ ಕಬ್ಬಿಣದ ಕಂಬಗಳು ಬಂದದ್ದು ಇದೇ ಶವವಾಹನದಲ್ಲಿ. ಹೆಣದ ಗಾಡಿಗೆ ಹೆಣದ ಭಾರವಷ್ಟೇ ಗೊತ್ತು, ಸ್ವಾಮಿ. ಕಂಬ ಹೇರಿಕೊಂಡು ರಸ್ತೆಯ ಉಬ್ಬು ಹಾರುವಾಗ ಅದರ ನಡು ಮುರಿಯಿತು. ಆ ವೇದಿಕೆಯ ಮೇಲೆ ನಿಂತು ತಾವು ಜನಸೇವೆಯ ಕುರಿತು ಮಾತಾಡಿದಿರಂತೆ. ಚೆನ್ನಾಗಿತ್ತಂತೆ.

ಈಗ ತಮ್ಮ ಕಚೇರಿ ಬೆಟ್ಟಸ್ವಾಮಿಗೆ ಉಪಾಯ ಹೇಳಿಕೊಟ್ಟಿದೆ. 'ನನ್ನದೇ ತಪ್ಪು, ಕ್ಷಮಿಸಿ' ಎಂದು ಬರೆದುಕೊಟ್ಟರೆ ಕೆಲಸ ವಾಪಸ್ಸು. ಎಷ್ಟು ಅಗ್ಗದ ರಿಪೇರಿ! ಒಂದು ಹಾಳೆಯಲ್ಲಿ ಆಕ್ಸಲ್ ನೆಟ್ಟಗಾಗುತ್ತದೆ, ಟೈರಿನ ಅಂಚು ಮತ್ತೆ ಚಿಗುರುತ್ತದೆ, ಕಂಬಗಳು ಬಂದದ್ದೇ ಸುಳ್ಳಾಗುತ್ತದೆ. ಬೆಟ್ಟಸ್ವಾಮಿ ಬರೆಯಲು ತಯಾರಾಗಿಯೇ ನಮ್ಮ ಮನೆಗೆ ಬಂದ. ರುದ್ರಾಣಿ ಕಾಲಿಗೆ ಬ್ಯಾಂಡೇಜು ಹಾಕಿಸಿಕೊಂಡು ನಮ್ಮಲ್ಲೇ ಇದ್ದಾಳೆ. ಅವನು ಅವಳ ಮುಖ ನೋಡಲಾರದೆ ನೆಲ ನೋಡುತ್ತ ನಿಂತ.

"ಒಪ್ಕೊಂಬುಡ್ತೀನಿ ಕನಕ್ಕಾ. ಬೇರೆ ದಾರಿ ಇಲ್ಲ. ಊರಲ್ಲಿ ಆಗ್ಲೇ ನನ್ನ ಎಣ ಕೆಡವ್ದೋನು ಅಂತವ್ರೆ. ಇನ್ಯಾರು ಗಾಡಿ ಕೊಡ್ತಾರೆ ನಂಗೆ?"

"ನೀನು ಬರ್ಕೊಟ್ರೆ ನಮ್ಮವ್ವನ್ನ ನೀನೇ ಕೆಡವ್ದೆ ಅಂತ ನಾನೂ ನಂಬಬೇಕಾಯ್ತದೆ," ಎಂದಳು ರುದ್ರಾಣಿ. "ಬರೀಬ್ಯಾಡ ಕಣಪ್ಪ. ನಿನ್ನ ದಮ್ಮಯ್ಯ."

ಅವನು ಬರೆಯಲಿಲ್ಲ. ತಾವು ಮೂರು ಶಬ್ದಕ್ಕೆ ಕೊಡಲೊಪ್ಪಿದ ಕೆಲಸವನ್ನು ಅವನು ಒಬ್ಬ ಹೆಂಗಸಿನ ಮಾತಿಗೆ ಬಿಟ್ಟಿದ್ದಾನೆ. ಅವನ ಮನೆಯಲ್ಲಿ ಈಗ ಏನು ಬೇಯುತ್ತಿದೆಯೋ ನನಗೆ ತಿಳಿಯದು, ಕೇಳಲು ಧೈರ್ಯವಿಲ್ಲ. ನನಗೆ ಸಿಟ್ಟಿರುವುದು ಟೈರಿನ ಮೇಲಲ್ಲ. ಮುರಿದವರು ತಾವಾಗಿ, ಮುರಿದೆ ಎಂದು ಬರೆಯುವ ಕೈ ಮಾತ್ರ ಬಡವನದಾಗಬೇಕೆಂದು ಬಯಸಿದಿರಲ್ಲ, ಅದರ ಮೇಲೆ.

ನನ್ನ ಬೇಡಿಕೆ ಇಷ್ಟು. ತಪ್ಪೊಪ್ಪಿಗೆಯಿಲ್ಲದೆ ಬೆಟ್ಟಸ್ವಾಮಿಯನ್ನು ವಾಪಸ್ಸು ತೆಗೆದುಕೊಳ್ಳಿ, ಅಜಾಗರೂಕತೆಯ ಷರಾ ಹೊಡೆದುಹಾಕಿ. ಆಕ್ಸಲ್ ಬದಲಾಯಿಸುವ ತನಕ ಗಾಡಿ ಹೊರಗೆ ಬಿಡಬೇಡಿ. ಬಿಡಲೇಬೇಕೆಂದಿದ್ದರೆ ಹಿಂದಿನ ಬೆಂಚಿನಲ್ಲಿ ತಾವೂ ಕೂತು ಹೋಗಿ, ಮಂಡಿ ಜೋಪಾನ.

ಸೋಮವಾರ ಬೆಟ್ಟಸ್ವಾಮಿ ಕಚೇರಿಗೆ ಬರಿಗೈಯಲ್ಲಿ ಬರುತ್ತಾನೆ. ಜೊತೆಗೆ ರುದ್ರಾಣಿಯೂ ಬರುತ್ತಾಳೆ, ಬೇಡವೆಂದರೆ ಕೇಳುತ್ತಿಲ್ಲ. ತಮ್ಮ ಕೋಣೆ ಮೇಲಿನ ಮಹಡಿಯಲ್ಲಿದೆ, ಅವಳಿಗೆ ಮೆಟ್ಟಿಲು ಹತ್ತಲಾಗದು. ತಾವೇ ಕೆಳಗಿಳಿದು ಬನ್ನಿ.

ಇಂತಿ,
ದೊಡ್ಡಮ್ಮನನ್ನು ತನ್ನ ಕೈಯಾರೆ ನಿಮ್ಮ ಗಾಡಿಗೆ ಹತ್ತಿಸಿದ,
ನಂಜೇಶ್
ಬಿಳಿಗೆರೆ