ಹೊಲಿಗೆಯ ಗಂಟು

ಅವ್ವಾ,

ನೀನು ಹೋದ ಮೇಲೆ ಅಪ್ಪನಿಗೆ ಕ್ಯಾನ್ಸರ್ ಬಂತು. ವಿಜಯಪುರದಲ್ಲಿ ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ ಬಲಗಡೆಯ ಮೂತ್ರಪಿಂಡ ತೆಗೆದರು. ದೀಪಾವಳಿಯ ಹೊತ್ತಿಗೆ ಹೊಕ್ಕುಳ ಪಕ್ಕದ ಕಲೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿತು. ತೋರಿಸೋಣ ಎಂದೆ.

“ಐವತ್ತು ವರ್ಷ ಅಂಗಿ ಹೊಲದೇನಿ. ಹೊಲಿಗಿ ಗಂಟು ನನಗ ಗೊತ್ತಾಗೂದಿಲ್ಲೇನ? ಒಳಗ ದಾರ ಉಳದೈತಿ, ತಾನ ಕರಗತೈತಿ,” ಎಂದ.

ಎರಡು ತಿಂಗಳು ಅವನ ಮಾತು ನಂಬಿದೆ. ನಂಬಿದೆ ಎಂಬುದು ಪೂರ್ತಿ ನಿಜವಲ್ಲ. ನಂಬಿದರೆ ನಾನು ಕಲಿಸುವ ಶಾಲೆಗೆ ರಜೆ ಹಾಕುವುದು ತಪ್ಪುತ್ತಿತ್ತು.

ಗಂಟಿನ ಚೂರು ತೆಗೆದು ಪರೀಕ್ಷಿಸಿದ್ದ ವರದಿ ಇಂದು ಬಂತು. ಅಪ್ಪನನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋದೆ. ಮೂತ್ರಪಿಂಡ ಹೊರತೆಗೆದ ತೂತಿನಲ್ಲೇ ಕ್ಯಾನ್ಸರ್ ಬೆಳೆದಿದೆ, ಹೀಗಾಗುವುದು ತೀರ ಅಪರೂಪ ಎಂದರು ಡಾಕ್ಟರು. ಗಂಟನ್ನು ಮೊದಲು ಯಾವಾಗ ನೋಡಿದಿರಿ ಎಂದು ಕೇಳಿದರು.

ಹದಿನೈದು ದಿನದ ಹಿಂದೆ ಎಂದೆ.

ಊರಿಗೆ ಹೊರಟ ಬಸ್ಸು ಮನಗೂಳಿ ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದ. “ದಾರದ ಗಂಟ ಹೌದಲ್ಲ?” ಎಂದ.

“ಹೌದಪಾ.”

“ಹಂಗಾರ ಮನಿಗಿ ಹೋಗಿ ನಾನ ಬಿಚ್ಚತೇನಿ,” ಎಂದು ನಕ್ಕ.

ಬಂದವಳೇ ಅವನ ಕತ್ತರಿಯನ್ನು ನಿನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. “ಜಯಾ, ನನ್ನ ಕತ್ರಿ ಎಲ್ಲಿಟ್ಟಿ?” ಎಂದು ಪಡಸಾಲೆಯಿಂದ ಕೂಗುತ್ತಿದ್ದಾನೆ. ಈಗ ಅವನ ಎದುರು ಹೋಗಿ ನಿಲ್ಲಬೇಕು.

ಜಯಮಾಲಾ