ಆಪರೇಷನ್ ದಿನ ನಗುತ್ತಾ ಹಾಕಿದ ಸಹಿ

ಗುರುವಾರ, ಹದಿನಾಲ್ಕನೇ ತಾರೀಖು
ಅದೇ ಎರಡನೇ ಮಹಡಿ, ಅಡುಗೆಮನೆಯ ಮೇಜು

ಪ್ರೀತಿಯ ಅತ್ತೆ,

ನಿಮ್ಮ ಮೊಣಕಾಲು ಹೇಗಿದೆ? ನಾದಿನಿಯ ಮನೆಯ ಮೆಟ್ಟಿಲು ಬಲು ಕಡಿದು ಅಂದಿದ್ದಿರಿ, ಕೂಸನ್ನು ಎತ್ತಿಕೊಂಡು ಹತ್ತಲು ಹೋಗಬೇಡಿ. ಬಾಣಂತಿಗೆ ನಿದ್ದೆ ಬರುತ್ತಿದೆಯಾ? ಹುಟ್ಟಿದಾಗಿನಿಂದ ನಿಮ್ಮ ಗಂಟಲು ಕೇಳುತ್ತಿರುವ ಆ ಮಗು ಮುಂದೆ ಯಾರಿಗೂ ಹೆದರುವುದಿಲ್ಲ ಬಿಡಿ. ಇಲ್ಲಿ ನಿಮ್ಮ ಮಗ ಕಾರ್ಖಾನೆಯ ಲಾರಿ ಓಡಿಸಿಕೊಂಡಿದ್ದಾರೆ, ಊಟ ಸರಿಯಾಗಿ ಮಾಡುತ್ತಿಲ್ಲ. ನನ್ನ ಎಡಗೈಯ ಎರಡು ಬೆರಳು ಹೋದವು. "ಎಲ್ಲ ಸರಿಯಾಗಿದೆ ಅತ್ತೆ" ಎಂದು ಫೋನಿನಲ್ಲಿ ಹೇಳಿದ್ದು ಹಸಿ ಸುಳ್ಳು. ನಿಮ್ಮ ದನಿ ಕೇಳಿದರೆ ಅಳು ನುಗ್ಗಿ ಬರುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮುಚ್ಚಳ ಒತ್ತುವ ಯಂತ್ರಕ್ಕೆ, ಕೈ ಒಳಗೆ ಹೋಗದಂತೆ, ನಿಮ್ಮ ಕಾಲದಲ್ಲಿ ಗೇಟಿನ ಮುಂದೆ ಹದಿಮೂರು ದಿನ ಕೂತು ನೀವೆಲ್ಲ ಜಾಲರಿ ಹಾಕಿಸಿದಿರಲ್ಲ, ಅದನ್ನು ಸೂಪರ್‌ವೈಸರ್ ಎರಡು ತಿಂಗಳ ಹಿಂದೆ ಬಿಚ್ಚಿಸಿದ. ಹೌದು, ನೀವೆಲ್ಲ 'ಸೀಟಿ' ಎಂದು ಹೆಸರಿಟ್ಟಿದ್ದ ಅದೇ ಆಸಾಮಿ. ಜಾಲರಿ ಇದ್ದರೆ ನಿಮಿಷಕ್ಕೆ ಹನ್ನೆರಡು ಮುಚ್ಚಳ, ಇಲ್ಲದಿದ್ದರೆ ಹದಿನೆಂಟು. ನನ್ನ ಬೆರಳು ಹೋದದ್ದು ಆ ಆರು ಮುಚ್ಚಳಕ್ಕೆ.

ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ಹನ್ನೊಂದೂವರೆ. ಅತ್ತೆ, ನಂಬುತ್ತೀರೋ ಇಲ್ಲವೋ, ನಾನು ಜೀವಮಾನದಲ್ಲಿ ಅಷ್ಟು ಸುಖವಾಗಿ ಇರಲಿಲ್ಲ. ನೆನಪು ಚೂರು ಚೂರಾಗಿದೆ. ಮೈ ಹತ್ತಿಯಂತೆ ಹಗುರ, ತಿರುಗುವ ಫ್ಯಾನಿನ ಮೇಲೂ ಪ್ರೀತಿ. ಪಕ್ಕದ ಮಂಚದ ಮುದುಕಿಗೆ "ಎಷ್ಟ್ ಚೆಂದ ಇದೀರಿ ನೀವು" ಎಂದೆನಂತೆ. "ಇವಳಿಗೆ ಇನ್ನೂ ಇಳಿದಿಲ್ಲ, ಯಾರಾದ್ರೂ ಹಿಡ್ಕೊಳ್ರಪ್ಪ" ಎಂದಳು ಆ ಮುದುಕಿ. ಹನ್ನೊಂದು ವರ್ಷ ಆ ಯಂತ್ರದ ಮುಂದೆ ನಿಂತವಳಿಗೆ ಸಂತೋಷ ಎಂದರೇನೆಂದು ತೋರಿಸಲು ಒಂದು ಸೂಜಿ ಬೇಕಾಯಿತು! ಆಗ ಬಂದ ಸೀಟಿ, ಕೈಯಲ್ಲಿ ಹಣ್ಣಿನ ಚೀಲ. ಅವನನ್ನು ಕಂಡು ನನಗೆ ಕರುಣೆ ಉಕ್ಕಿತು. "ಪಾಪ, ನಿಂತೇ ಇದೀರಲ್ಲ ಸಾರ್, ಕೂತ್ಕೊಳಿ" ಎಂದೆ. "ಸುಮ್ನೆ ಆಫೀಸಿಗೆ ಒಂದು ಕಾಗದ ಕಣಮ್ಮ, ಇಲ್ಲೊಂದು ಸಹಿ" ಎಂದ. ಹಾಕಿದೆ, ನಗುತ್ತಾ ಹಾಕಿದೆ. "ಇನ್ನೂ ಎಲ್ಲಾದ್ರೂ ಹಾಕ್ಬೇಕಾ ಸಾರ್?" ಎಂದು ನಾನೇ ಕೇಳಿದೆ. ಜಾಲರಿಯನ್ನು ನಾನೇ ನನ್ನ ಅನುಕೂಲಕ್ಕೆ ಬಿಚ್ಚಿದ್ದೆ, ತಪ್ಪೆಲ್ಲ ನನ್ನದು ಎಂದು ಆ ಕಾಗದದಲ್ಲಿತ್ತು, ಅದು ಗೊತ್ತಾದದ್ದು ಆಮೇಲೆ.

ಮೂರನೇ ದಿನ ಅಳು ಶುರುವಾಯಿತು. ಲೋಟ ಬಿದ್ದರೆ ಅಳು, ಬಾಗಿಲು ತಟ್ಟಿದರೆ ಅಳು. ಬ್ಯಾಂಡೇಜ್ ಬದಲಿಸುವ ನರ್ಸಕ್ಕನನ್ನು ಕೇಳಿದೆ, ನನಗೆ ಹುಚ್ಚು ಹಿಡಿಯಿತಾ ಎಂದು. "ಮತ್ತಿನ ಔಷಧಿ ಒಬ್ಬೊಬ್ಬರ ಮನಸ್ಸನ್ನ ಒಂದೊಂದು ಥರ ಆಡಿಸುತ್ತೆ ತಾಯಿ. ನಿನಗೆ ಕೊಟ್ಟಿದ್ದು ನೋವು ತೆಗೆದು ತೇಲಿಸೋ ಜಾತೀದು. ಈಗಿನ ಅಳು ಅದರದ್ದೋ, ಬೆರಳಿನದ್ದೋ, ನಿದ್ದೆಗೆಟ್ಟಿದ್ದೋ, ಡಾಕ್ಟರಿಗೂ ಬಿಡಿಸಿ ಹೇಳಕ್ಕಾಗಲ್ಲ" ಎಂದು ನನ್ನ ಬಿಡುಗಡೆ ಚೀಟಿಯ ಹಿಂಬದಿ ತಿರುಗಿಸಿ ತೋರಿಸಿದರು. ಆಸ್ಪತ್ರೆಯವರೇ ಅಚ್ಚು ಹಾಕಿಸಿದ್ದಾರೆ: ಇಪ್ಪತ್ತನಾಲ್ಕು ಗಂಟೆ ವಾಹನ ಓಡಿಸಬೇಡಿ, ಮುಖ್ಯವಾದ ಕಾಗದಕ್ಕೆ ಸಹಿ ಹಾಕಬೇಡಿ. ನಾನು ಹಾಕಿದ್ದು ಮಧ್ಯಾಹ್ನ ಒಂದಕ್ಕೆ. ಔಷಧಿಯ ಮೇಲೆ ನನಗೆ ಸಿಟ್ಟಿಲ್ಲ, ಅದು ತನ್ನ ಕೆಲಸ ಮಾಡಿತು. ನೋವಿಲ್ಲದ ಹೊತ್ತು ನೋಡಿಕೊಂಡು ಬಂದವನು ಕಳ್ಳ.

ಸೋಮವಾರ ಹನ್ನೊಂದಕ್ಕೆ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಸಹಿ ಹಾಕಿದಾಗ ನನಗೆ ಬುದ್ಧಿ ನೆಟ್ಟಗಿತ್ತು ಎಂದರೆ ತಪ್ಪು ನನ್ನದಾಗುತ್ತದೆ, ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ನೆಟ್ಟಗಿರಲಿಲ್ಲ ಎಂದರೆ ಕಾರ್ಖಾನೆಯ ಡಾಕ್ಟರ್ ಚೀಟಿ ಹಿಡಿದು ಕಾದಿದ್ದಾನೆ. ನಾನು ಅತ್ತದ್ದನ್ನು ನೋಡಿ ಹೋಗಿ ಅದರಲ್ಲಿ ಬರೆದಿದ್ದಾನೆ: ಮನಸ್ಸು ಸ್ಥಿಮಿತದಲ್ಲಿಲ್ಲ, ಯಂತ್ರದ ಮುಂದೆ ನಿಲ್ಲಿಸುವಂತಿಲ್ಲ. ಆ ಕಡೆ ಬಾಗಿಲೂ ಅವರದೇ, ಈ ಕಡೆ ಬಾಗಿಲೂ ಅವರದೇ. ಎರಡಕ್ಕೂ ಚಿಲಕ ಹೊರಗಿನಿಂದ. ಆ ಕಾಗದವೇ ನಿಜವೆಂದು ನಿಂತರೆ ಜಾಲರಿ ಮತ್ತೆ ಬರುವುದಿಲ್ಲ, ನನ್ನ ಜಾಗಕ್ಕೆ ಇನ್ನೊಬ್ಬಳನ್ನು ಆಗಲೇ ನಿಲ್ಲಿಸಿದ್ದಾರೆ. ಅದಕ್ಕೇ ತೀರ್ಮಾನ ಮಾಡಿದ್ದೇನೆ. ಆ ಮಧ್ಯಾಹ್ನ ನನ್ನ ಬುದ್ಧಿ ನನ್ನ ಕೈಯಲ್ಲಿರಲಿಲ್ಲ ಎಂದೇ ಹೇಳುತ್ತೇನೆ. ಹುಚ್ಚಿ ಅನ್ನಲಿ. ಔಷಧಿಯ ಹೆಸರು, ಕೊಟ್ಟ ಗಂಟೆ ಎಲ್ಲ ಆಸ್ಪತ್ರೆಯ ದಾಖಲೆಯಲ್ಲಿದೆ, ನಕಲಿಗೆ ಅರ್ಜಿ ಕೊಟ್ಟಿದ್ದೇನೆ.

ನಾದಿನಿಗೆ ನಾನು ಕೇಳಿದೆನೆಂದು ಹೇಳಿ. ಕೂಸಿನ ಎರಡೂ ಕೈಗೆ ಮುತ್ತು, ಹತ್ತೂ ಬೆರಳಿಗೆ ಒಂದೊಂದು. ನಿಮ್ಮ ಮೊಣಕಾಲು ಬೇಗ ಹುಷಾರಾಗಲಿ, ಸಿಟ್ಟು ಮಾತ್ರ ಹಾಗೇ ಇರಲಿ.

ನಿಮ್ಮ ಸೊಸೆ

ತಾ.ಕ.: ಕೆಳಗೆ ಲಾರಿ ನಿಂತ ಸದ್ದು, ಬೇಗ ಬರೆದುಬಿಡುತ್ತೇನೆ. ನನ್ನ ಸಹಿಯ ಕೆಳಗೆ "ಪೂರ್ಣ ಎಚ್ಚರದಲ್ಲಿದ್ದಳು" ಎಂದು ಸಾಕ್ಷಿ ಹಾಕಿದ್ದು ನಿಮ್ಮ ಮಗ. ಓದಿಯೇ ಹಾಕಿದರು. ಅವರಿಗೆ ಯಾರೂ ಯಾವ ಸೂಜಿಯನ್ನೂ ಚುಚ್ಚಿರಲಿಲ್ಲ. "ನನ್ನ ಕೆಲಸಾನೂ ಹೋಗುತ್ತೆ ಕಣೇ" ಎನ್ನುತ್ತಾರೆ. ಸೋಮವಾರ ಅಧಿಕಾರಿ ಮೊದಲು ಕೇಳುವುದು ಅವರನ್ನೇ. ಹೇಗಾದರೂ ಮಾಡಿ ಭಾನುವಾರದ ಬಸ್ಸಿಗೆ ಬನ್ನಿ ಅತ್ತೆ. ನೀವು ಮಾತಾಡುವುದು ಬೇಡ. ಅವರ ಕಣ್ಣಿಗೆ ಬೀಳುವ ಕಡೆ ಕೂತರೆ ಸಾಕು.