ಮೇಷ್ಟ್ರ ಸೀಟಿನಲ್ಲಿ ಕೂತಿದ್ದವಳು ನನ್ನ ತಂಗಿ

ನದಿ ವಿಹಾರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿ ಗಿರಿಜಾದೇವಿ ನಿಮ್ಮ ದೋಣಿಯಲ್ಲಿ ಹೋದವಳು ಮರಳಿ ಬಂದಿಲ್ಲ. ಇವತ್ತಿಗೆ ಇಪ್ಪತ್ಮೂರು ದಿನ. ಅವಳನ್ನು ಹುಡುಕುವ ಕೆಲಸವನ್ನು ನೀವು ಎರಡೇ ದಿನಕ್ಕೆ ನಿಲ್ಲಿಸಿದಿರಿ. ಏಕೆ ಎಂದು ಕೇಳಿದ್ದಕ್ಕೆ, "ಸದರಿ ಹೆಸರಿನ ಪ್ರಯಾಣಿಕರು ದೋಣಿ ಹತ್ತಿದ ಬಗ್ಗೆ ದಾಖಲೆ ಇರುವುದಿಲ್ಲ" ಎಂಬ ಒಂದು ಸಾಲಿನ ಉತ್ತರ ಕೊಟ್ಟಿರಿ. ಅದರ ಕೆಳಗಿನ ನಿಮ್ಮ ಸಹಿ ಬಹಳ ಸೊಗಸಾಗಿದೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ, ಆದ್ದರಿಂದ ಹೇಳುತ್ತಿದ್ದೇನೆ.

ಬಿಟಿಎಂ ಲೇಔಟಿನ ನಿಮ್ಮ ಕಚೇರಿಯ ಮೂರು ಮಹಡಿಯನ್ನು ನಾಲ್ಕು ಸಲ ಹತ್ತಿದ್ದೇನೆ. ನಾಲ್ಕು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಕೊನೆಯ ಸಲ ನಿಮ್ಮ ಹೊರಕೋಣೆಯ ಮೇಡಂ ಕನಿಕರದಿಂದಲೇ ಅಂದರು, "ಅಂಕಲ್, ಸುಮ್ನೆ ಯಾಕೆ ಓಡಾಡ್ತೀರಾ, ಲೆಟರ್ ಬರೀರಿ." ಬರೆಯುತ್ತಿದ್ದೇನೆ. ಒಳಗೆ ಕೊಟ್ಟ ಮೂರು ಪತ್ರಗಳು ಎಲ್ಲಿ ಹೋದವೋ ತಿಳಿಯದ ಕಾರಣ, ಈ ಸಲ ಊರಿಗೆಲ್ಲ ಕೇಳಿಸುವ ಹಾಗೆ ಬರೆಯುತ್ತಿದ್ದೇನೆ.

ತಪ್ಪು ಯಾರದು ಎಂಬ ಪ್ರಶ್ನೆ ನಿಮಗಿಂತ ಮೊದಲು ನನಗೆ ಎದುರಾಗಿದೆ. ಅದನ್ನು ಮುಚ್ಚಿಟ್ಟು ನಿಮ್ಮ ಮೇಲೆ ಕೂಗಾಡುವ ಮನುಷ್ಯ ನಾನಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಮ್ಮದು ಜೆ.ಪಿ. ನಗರದ ಒಂದು ಸಣ್ಣ ವಚನ ಗಾಯನ ಬಳಗ. ನಿವೃತ್ತರು, ನಿವೃತ್ತಿಗೆ ದಿನ ಎಣಿಸುವವರು, ಮಂಡಿ ನೋವಿದ್ದರೂ ನೆಲದ ಮೇಲೇ ಕೂತು ಹಾಡುತ್ತೇವೆಂದು ಹಟ ಹಿಡಿಯುವವರು. ನಾನು ಅದರ ಕಾರ್ಯದರ್ಶಿ. ನಮಗೆಲ್ಲ ಹಾಡು ಕಲಿಸಿದವರು ನರೇಂದ್ರ ಮೇಷ್ಟ್ರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರಿಗೆ ತಿರುಗಾಟವೆಂದರೆ ಪ್ರಾಣ. ಹಾಗಾಗಿ ವರ್ಷಕ್ಕೊಂದು ಪ್ರವಾಸ ಹೊರಟಾಗ ಅವರಿಗೂ ಒಂದು ಸೀಟು ಇಡುವುದು ನಮ್ಮ ಪದ್ಧತಿ. ಬಸ್ಸಿನಲ್ಲಿ ಅವರ ಫೋಟೋಗೆ ಕಿಟಕಿ ಪಕ್ಕದ ಜಾಗ, ಹೋಟೆಲಿನಲ್ಲಿ ಒಂದು ಲೋಟ ಕಾಫಿ, ಪಟ್ಟಿಯಲ್ಲಿ ಒಂದು ಹೆಸರು. ನಗಬೇಡಿ. ನಿಮ್ಮ ಆನ್‌ಲೈನ್ ಅರ್ಜಿ ವಯಸ್ಸು ಕೇಳಿದಾಗ ಎಪ್ಪತ್ತೆಂಟು ಎಂದು ತುಂಬಿದೆ. ಆರೋಗ್ಯದ ತೊಂದರೆ ಇದೆಯೇ ಎಂದು ಕೇಳಿದಾಗ ಇಲ್ಲ ಎಂದು ಟಿಕ್ ಮಾಡಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಭಾನುವಾರ ನಾವು ಇಪ್ಪತ್ಮೂರು ಜನ, ಮೇಷ್ಟ್ರು ಸೇರಿ ಇಪ್ಪತ್ನಾಲ್ಕು. ಕಾವೇರಿಯಲ್ಲಿ ಆರಾರು ಸೀಟಿನ ನಾಲ್ಕು ಮೋಟಾರು ದೋಣಿ, ಒಂದೂವರೆ ಗಂಟೆಯ ಗುಂಪು ವಿಹಾರ. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಮಿನಿ ಬಸ್ ಹೊರಡುವ ಹೊತ್ತಿಗೆ ಗಿರಿಜೆ ವಸಂತಪುರದಿಂದ ಆಟೋದಲ್ಲಿ ಬಂದಳು. ಪ್ರವಾಸಕ್ಕಲ್ಲ, ದಾರಿಗೆ ಒಂದು ಡಬ್ಬ ನಿಪ್ಪಟ್ಟು ಕೊಡಲು. ಅವಳಿಗೆ ಐವತ್ತೆಂಟು ವರ್ಷ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಇಪ್ಪತ್ತಾರು ವರ್ಷ ಚೆಕಿಂಗ್ ಮಾಡಿದವಳು. ಅವಳ ಕೈ ದಾಟಿದ ಶರ್ಟಿಗೆ ಒಂದು ಗುಂಡಿ ಕಡಿಮೆ ಇದ್ದ ನೆನಪು ಯಾರಿಗೂ ಇಲ್ಲ. ಮದುವೆ ಆಗಲಿಲ್ಲ, ನಮ್ಮ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವಳು ಅವಳೇ. ಇಷ್ಟು ವಯಸ್ಸಾದರೂ ದೋಣಿ ಹತ್ತಿರಲಿಲ್ಲ.

ನಾನೇ ಕರೆದೆ. "ಬಾರೇ ಗಿರಿಜಾ, ಮೇಷ್ಟ್ರ ಸೀಟು ಇದೆಯಲ್ಲ, ಫೋಟೋನ ತೊಡೆ ಮೇಲೆ ಇಟ್ಕೊಂಡು ಕೂತ್ಕೊ."

"ಅಯ್ಯೋ ಹೋಗಣ್ಣ, ಮನೇಲಿ ಕುಕ್ಕರ್ ತೊಳ್ದಿಲ್ಲ, ಬಟ್ಟೆ ನೆನೆಹಾಕಿದೀನಿ."

"ಬಟ್ಟೆ ಎಲ್ಲೂ ಹೋಗಲ್ಲ, ಬಾ."

ಬಂದಳು. ಪಟ್ಟಿಯಲ್ಲಿ ಅವಳ ಹೆಸರು ಸೇರಿಸಬೇಕೆಂದು ನನಗೆ ಹೊಳೆಯಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಗುಮಾಸ್ತನಾಗಿ ಹಾಜರಿ ಪುಸ್ತಕ ಬರೆದವನು ನಾನು. ನನಗೆ ಹೊಳೆಯಲಿಲ್ಲ.

ದೋಣಿಕಟ್ಟೆಯಲ್ಲಿ ನಿಮ್ಮ ಸಿಬ್ಬಂದಿ ಮನು ಎಂಬವರು ತಲೆ ಎಣಿಸಿದರು. ಇಪ್ಪತ್ನಾಲ್ಕು ಹೆಸರು, ಇಪ್ಪತ್ನಾಲ್ಕು ತಲೆ. ಯಾವ ತಲೆಗೆ ಯಾವ ಹೆಸರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಎಪ್ಪತ್ತೆಂಟು ವಯಸ್ಸಿನ ನರೇಂದ್ರ ಎಂಬ ಗಂಡಸು ಹಸಿರು ಸೀರೆ ಉಟ್ಟು ಬಂದಿರುವುದು ಕಾಣುತ್ತಿತ್ತು. ಮೂರನೇ ದೋಣಿಯ ಚಾಲಕ ಕಿಟ್ಟಿ ಅವಳ ಕೈ ಹಿಡಿದು ಹತ್ತಿಸಿಕೊಂಡರು. ಹೆಂಗಸರು ಆ ದೋಣಿಯಲ್ಲಿ, ನಾನು ಮೊದಲನೆಯದರಲ್ಲಿ. ಹಿಂದೆ ತಿರುಗಿ ನೋಡಿದಾಗ ಒಂದು ಕೈಯಲ್ಲಿ ಮೇಷ್ಟ್ರ ಫೋಟೋ, ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಗಟ್ಟಿಯಾಗಿ ಹಿಡಿದು ನಗುತ್ತಿದ್ದಳು. ಅಷ್ಟು ಜೋರಾಗಿ ಅವಳು ನಕ್ಕಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ನಡುಹೊಳೆಯ ಮರಳು ದಿಬ್ಬದಲ್ಲಿ ಅರ್ಧ ಗಂಟೆ ಇಳಿಸುವುದು ನಿಮ್ಮ ಕಾರ್ಯಕ್ರಮದಲ್ಲೇ ಇದೆ. ಇಳಿದೆವು, ಫೋಟೋ ತೆಗೆದುಕೊಂಡೆವು, ಒಂದು ವಚನ ಹಾಡಿದೆವು. ದೋಣಿಕಟ್ಟೆಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಬಾಗಿಲಿದೆ, ಬೀಗವೂ ಇದೆ. ಗಿರಿಜೆ ನಮ್ಮ ಬಳಗದ ಶ್ರೀದೇವಿಯವರ ಕೈಗೆ ಫೋಟೋ ಕೊಟ್ಟು, "ಸ್ವಲ್ಪ ಹಿಡ್ಕೊಳ್ಳಿ ಅಕ್ಕ, ಆ ಪೊದೆ ಕಡೆ ಹೋಗ್ಬರ್ತೀನಿ" ಅಂದಳಂತೆ. ಅಷ್ಟರಲ್ಲಿ ದಡದಿಂದ ಸೀಟಿ ಮೇಲೆ ಸೀಟಿ. "ಬೇಗ ಬೇಗ ಹತ್ತಿ ಸಾರ್, ಮೇಲಿಂದ ನೀರು ಬಿಟ್ಟಿದಾರೆ!" ಯಾರು ಯಾವ ದೋಣಿಗೆ ಎಂದು ನೋಡುವವರಿರಲಿಲ್ಲ. ಸಿಕ್ಕಸಿಕ್ಕ ದೋಣಿ ಹತ್ತಿದೆವು. ಗಿರಿಜೆ ಬೇರೆ ದೋಣಿಯಲ್ಲಿರಬೇಕು ಎಂದುಕೊಂಡರು ಶ್ರೀದೇವಿ. ಪೊದೆ ಕಡೆ ಹೋಗಿದ್ದಾಳೆ ಎಂದು ಗಂಡಸರ ಮುಂದೆ ಕೂಗಿ ಹೇಳಲು ಅವರಿಗೆ ಸಂಕೋಚವಾಯಿತು. ಆಮೇಲೆ ನನ್ನ ಕಾಲು ಹಿಡಿದು ಅತ್ತರು. ಅವರನ್ನು ಏನೆಂದು ಬೈಯಲಿ? ಅವರಿಗಿಂತ ದೊಡ್ಡ ತಪ್ಪು ನನ್ನದಿದೆ.

ದಡ ಸೇರಿದ ಮೇಲೆ ಮನು ಮತ್ತೆ ಎಣಿಸಿದರು. "ಸಾರ್, ಇಪ್ಪತ್ಮೂರೇ ಇದೆ. ಒಬ್ರು ಕಮ್ಮಿ."

ಹನ್ನೊಂದು ವರ್ಷದಿಂದ ಪ್ರತಿ ಪ್ರವಾಸದಲ್ಲೂ ಯಾರಾದರೊಬ್ಬರು ನನಗೆ ಈ ಮಾತು ಹೇಳಿದ್ದಾರೆ. ಬಸ್ಸಿನ ಕ್ಲೀನರ್ ಹೇಳಿದ್ದಾನೆ, ಹೋಟೆಲಿನವರು ಹೇಳಿದ್ದಾರೆ. ಹನ್ನೊಂದು ವರ್ಷದಿಂದ ನನ್ನ ಬಾಯಲ್ಲಿ ಒಂದೇ ಉತ್ತರ. ಅದೇ ಬಂತು. "ಅದು ನಮ್ ಮೇಷ್ಟ್ರ ಸೀಟು ಕಣಪ್ಪ, ಬರೀ ಫೋಟೋ." ಫೋಟೋ ಬಂದಿದೆಯೇ ಎಂದು ತಿರುಗಿ ನೋಡಿದೆ. ಶ್ರೀದೇವಿಯವರ ಕೈಯಲ್ಲಿತ್ತು. ನನಗೆ ಸಮಾಧಾನವಾಯಿತು. ಸ್ವಾಮಿ, ನಾನು ಫೋಟೋ ಇದೆಯೇ ಎಂದು ನೋಡಿದೆ, ನನ್ನ ತಂಗಿ ಇದ್ದಾಳೆಯೇ ಎಂದು ನೋಡಲಿಲ್ಲ. ಮನು ನಕ್ಕು, "ಇಪ್ಪತ್ನಾಲ್ಕೂ ಇಳಿದಿದ್ದಾರೆ" ಎಂದು ಬರೆದು ರಿಜಿಸ್ಟರ್ ಮುಂದೆ ಹಿಡಿದರು. ಗುರುಶಾಂತಪ್ಪ ಎಂದು ಸಹಿ ಹಾಕಿದೆ.

ಕಾಲು ಗಂಟೆಯಾಗಿರಬೇಕು. ಬಸ್ಸಿನಲ್ಲಿ ಕೂತು, "ಗಿರಿಜಾ, ಆ ನಿಪ್ಪಟ್ಟಿನ ಡಬ್ಬ ತೆಗಿ" ಎಂದೆ. ಆಗ ಶ್ರೀದೇವಿ ಎದ್ದು ನಿಂತು, ಅವಳು ದಿಬ್ಬದ ಪೊದೆ ಕಡೆ ಹೋಗಿದ್ದಳು ಎಂದರು.

ಓಡಿದೆ. ನನ್ನ ವಯಸ್ಸಿಗೆ ಓಡಬಾರದಷ್ಟು ಓಡಿದೆ. ಆಗ ಆರು ಗಂಟೆ ಐದು ನಿಮಿಷ. ದಿಬ್ಬ ಇನ್ನೂ ಇತ್ತು, ಅರ್ಧ ನೀರಿನಲ್ಲಿ. ದಡದಿಂದ ಮನುಷ್ಯರೋ ಪೊದೆಯೋ ಗೊತ್ತಾಗಲಿಲ್ಲ, ನನ್ನ ಕನ್ನಡಕ ಮಂಜಾಗಿತ್ತು. ನಿಮ್ಮ ಮೇಲ್ವಿಚಾರಕರು ದೋಣಿಗಳ ಕೀಲಿ ಗೊಂಚಲನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

"ಸಾರ್, ನೀವೇ ಸೈನ್ ಹಾಕಿದೀರಲ್ಲ, ಎಲ್ಲಾರೂ ಇಳಿದಿದಾರೆ ಅಂತ."

"ತಪ್ಪಾಗಿದೆ ಸಾರ್, ನನ್ ತಂಗಿ ಅಲ್ಲೇ ಇದಾಳೆ."

"ಆರು ಗಂಟೆ ಮೇಲೆ ಎಂಜಿನ್ ಸ್ಟಾರ್ಟ್ ಮಾಡಂಗಿಲ್ಲ ಸಾರ್. ಮೇಲಿಂದ ಪರ್ಮಿಶನ್ ಬೇಕು. ಇವತ್ತು ಭಾನುವಾರ, ಯಾರೂ ಫೋನ್ ಎತ್ತಲ್ಲ."

ಕಿಟ್ಟಿ ನಡುವೆ ಬಂದರು. "ಕೀ ಕೊಡಿ ಸಾರ್, ನಾನ್ ಹೋಗ್ಬರ್ತೀನಿ. ಹತ್ತು ನಿಮಿಷ ಸಾಕು. ಬೇಕಾದ್ರೆ ಆಮೇಲೆ ಕೆಲ್ಸದಿಂದ ತೆಗೀರಿ." ಮೇಲ್ವಿಚಾರಕರು ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದರು. ನಲವತ್ತು ನಿಮಿಷದ ಮೇಲೆ ಯಾರೋ ಒಬ್ಬರು ಎತ್ತಿ ಅನುಮತಿ ಕೊಟ್ಟರು. ಕಿಟ್ಟಿ ದೋಣಿ ತಿರುಗಿಸಿಕೊಂಡು ಹೋಗುವಾಗ ಅಲ್ಲಿ ದಿಬ್ಬವೇ ಇರಲಿಲ್ಲ. ಆ ಕತ್ತಲಾಗುತ್ತಿದ್ದ ನೀರಿನಲ್ಲಿ ಆತ "ಅಮ್ಮಾ, ಅಮ್ಮಾ" ಎಂದು ಕೂಗುತ್ತಿದ್ದದ್ದು ದಡಕ್ಕೆ ಕೇಳುತ್ತಿತ್ತು. ಆತ ಕೇಳಿದಂತೆಯೇ ಆಯಿತು, ಮರುದಿನವೇ ಕೆಲಸದಿಂದ ತೆಗೆದಿರಿ. ಗುತ್ತಿಗೆಯವರಾದ್ದರಿಂದ ಅವರ ಹೇಳಿಕೆ ದಾಖಲಿಸಿಕೊಳ್ಳಲು ಬರುವುದಿಲ್ಲವಂತೆ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಹತ್ತಿದವರು ಇಪ್ಪತ್ನಾಲ್ಕು, ಇಳಿದವರು ಇಪ್ಪತ್ನಾಲ್ಕು, ಆದ್ದರಿಂದ ಯಾರೂ ಕಾಣೆಯಾಗಿಲ್ಲ. ಎಷ್ಟು ಚೊಕ್ಕಟವಾಗಿದೆ! ಆದರೆ ನಿಮ್ಮ ಇಪ್ಪತ್ನಾಲ್ವರಲ್ಲಿ ಒಬ್ಬರು ಹನ್ನೊಂದು ವರ್ಷದ ಹಿಂದೆ ಬನಶಂಕರಿಯ ರುದ್ರಭೂಮಿಗೆ ಹೋದವರು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಅವರ ಮರಣ ಪ್ರಮಾಣಪತ್ರವನ್ನು ಮಗಳು ವಿಭಾ ಅವರಿಂದ ಪಡೆದು ಲಗತ್ತಿಸಿದ್ದೇನೆ. ಸತ್ತವರು ನಿಮ್ಮ ದೋಣಿಯಲ್ಲಿ ವಿಹರಿಸಿ ಕ್ಷೇಮವಾಗಿ ದಡ ಸೇರಿದ್ದಾರೆ ಎಂದು ನೀವು ಸರ್ಕಾರಿ ಮೊಹರು ಹಾಕಿ ಹೇಳಬಲ್ಲಿರಿ. ಬದುಕಿದ್ದವಳೊಬ್ಬಳು ಹತ್ತಿದಳು ಎಂದರೆ ಮಾತ್ರ ಪುರಾವೆ ಕೇಳುತ್ತೀರಿ. ಹಾಗಾದರೆ ಮನು ಎಣಿಸಿದ ಆ ಇಪ್ಪತ್ನಾಲ್ಕನೇ ತಲೆ ಯಾರದು?

ಪಟ್ಟಿಯಲ್ಲಿ ಸುಳ್ಳು ಹೆಸರು ಕೊಟ್ಟ ನನ್ನ ಮೇಲೆ ಕ್ರಮ ಕೈಗೊಳ್ಳಬಹುದು ಎಂದೂ ನಿಮ್ಮ ಕಚೇರಿಯಿಂದ ಸೂಚನೆ ಬಂತು. ಹೆದರಿಸಲು ಹೇಳಿದಿರೋ ಏನೋ. ದಯವಿಟ್ಟು ಕೈಗೊಳ್ಳಿ. ನನ್ನನ್ನು ಯಾವ ಕಟಕಟೆಯಲ್ಲಿ ಬೇಕಾದರೂ ನಿಲ್ಲಿಸಿ. ನನ್ನ ಅಜಾಗರೂಕತೆಯಿಂದ ಒಬ್ಬಳು ನೀರುಪಾಲಾದಳೆಂದು ದೂರು ಬರೆಯಿರಿ, ನಾನೇ ಹೇಳಿ ಬರೆಸುತ್ತೇನೆ. ಆಗಲಾದರೂ ಆ "ಒಬ್ಬಳು" ಯಾರೆಂದು ಹೆಸರು ಬರೆಯಬೇಕಾಗುತ್ತದಲ್ಲ. ನನಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಅವಳ ಮನೆಯ ಬಕೆಟಿನಲ್ಲಿ ನೆನೆಹಾಕಿದ್ದ ಬಟ್ಟೆಯನ್ನು ನಾಲ್ಕನೇ ದಿನ ನಾನೇ ಒಗೆದು ಒಣಹಾಕಿದೆ. ಮಡಚಿಡಲು ಮಾತ್ರ ಆಗುತ್ತಿಲ್ಲ. ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ. ಮಣ್ಣು ಮಾಡಲು ನನ್ನ ಕೈಯಲ್ಲಿ ಏನಿದೆ? ಬಂಧುಗಳು ದಿನ ಯಾವಾಗ ಎಂದು ಫೋನ್ ಮಾಡುತ್ತಾರೆ. ಯಾವ ದಿನ ಎಂದು ಹೇಳಲಿ? ಅವಳು ಎಲ್ಲೋ ದಡ ಹತ್ತಿ, ಗುರುತಿಲ್ಲದ ಊರಿನ ಆಸ್ಪತ್ರೆಯಲ್ಲಿ ಹೆಸರು ಹೇಳಲಾಗದೆ ಮಲಗಿದ್ದಾಳೆ ಎಂದು ಒಂದು ಗಳಿಗೆ ಅನ್ನಿಸುತ್ತದೆ. ಮರುಗಳಿಗೆ ಅನ್ನಿಸುವುದನ್ನು ಬರೆಯಲಾರೆ.

ಇಷ್ಟು ಬರೆದು ಈ ಪತ್ರವನ್ನು ಮುಗಿಸಬೇಕೆಂದಿದ್ದೆ. ನಿನ್ನೆ ಮಧ್ಯಾಹ್ನ ಅಂಚೆಯವರು ನಿಮ್ಮ ವಿಭಾಗದಿಂದ ನನ್ನ ಹೆಸರಿಗೆ ಬಂದ ಒಂದು ನೋಟಿಸ್ ತಂದುಕೊಟ್ಟರು. ಬಾಗಿಲಲ್ಲೇ ನಿಂತು ಒಡೆದೆ. ಗಿರಿಜೆ ಸಿಕ್ಕಿದಳೇನೋ ಎಂದುಕೊಂಡೆ. ಅದರಲ್ಲಿ ಹೀಗಿತ್ತು: "ತಮ್ಮ ತಂಡಕ್ಕೆ ನೀಡಲಾದ ಇಪ್ಪತ್ನಾಲ್ಕು ಜೀವರಕ್ಷಕ ಜಾಕೆಟ್‌ಗಳ ಪೈಕಿ ಇಪ್ಪತ್ಮೂರು ಮಾತ್ರ ಹಿಂದಿರುಗಿರುತ್ತವೆ. ಕಿತ್ತಳೆ ಬಣ್ಣದ, ಹದಿನೇಳನೇ ಸಂಖ್ಯೆಯ ಜಾಕೆಟ್ ಕಾಣೆಯಾಗಿದ್ದು, ಅದು ಸರ್ಕಾರಿ ಸ್ವತ್ತಾಗಿರುತ್ತದೆ. ಏಳು ದಿನದೊಳಗೆ ಹಿಂದಿರುಗಿಸತಕ್ಕದ್ದು."

ಅಧಿಕಾರಿಗಳೇ, ನಾನು ಆ ಕಾಗದ ಹಿಡಿದು ಮೆಟ್ಟಿಲ ಮೇಲೆ ಕೂತು ಅತ್ತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆಮೇಲೆ ಕಿಟ್ಟಿಗೆ ಫೋನ್ ಮಾಡಿ ಕೇಳಿದೆ. "ಹೂಂ ಸಾರ್, ಅಮ್ಮನಿಗೆ ಜಾಕೆಟ್ ನಾನೇ ಕಟ್ಟಿದ್ದು. ಬಿಗಿಯಾಯ್ತು ಅಂದ್ರು, ಬಿಗಿನೇ ಇರ್ಬೇಕು ಅಮ್ಮ ಅಂದೆ" ಎಂದರು.

ಫೋಟೋಗೆ ಯಾರೂ ಜಾಕೆಟ್ ತೊಡಿಸುವುದಿಲ್ಲ. ನಿಮ್ಮ ಕಣ್ಣಿಗೆ ಕಾಣೆಯಾದ ವಸ್ತುವೊಂದು ಕೊನೆಗೂ ಬಿತ್ತು, ಅದು ನಿಮ್ಮ ದಾಖಲೆಯಲ್ಲಿದೆ, ಅದಕ್ಕೊಂದು ಸಂಖ್ಯೆಯೂ ಇದೆ. ಹೆಸರಿಲ್ಲದವಳನ್ನು ಹುಡುಕಲು ನಿಯಮವಿಲ್ಲ ಎಂದಿರಿ, ಒಪ್ಪಿದೆ. ಸರ್ಕಾರಿ ಸ್ವತ್ತನ್ನು ಹುಡುಕಲು ನಿಯಮವಿರಬೇಕಲ್ಲವೇ? ಹಾಗಾದರೆ ನಾಳೆಯೇ ನಾಲ್ಕು ದೋಣಿಯನ್ನೂ ಇಳಿಸಿ. ಕಿಟ್ಟಿಯನ್ನು ವಾಪಸು ಕರೆಸಿ, ಆ ಹೊಳೆಯ ಸುಳಿ ಅವರಿಗೆ ಗೊತ್ತು. ಹೋದ ಸಲದಂತೆ ಒಂದು ಮೈಲಿಗೇ ನಿಲ್ಲಿಸದೆ ಕೆಳಗಿನ ಅಣೆಕಟ್ಟೆಯವರೆಗೆ ಎರಡೂ ದಡ, ಪ್ರತಿ ಬಂಡೆ, ಪ್ರತಿ ಪೊದೆ, ದಂಡೆಯ ಪ್ರತಿ ಊರಿನ ಆಸ್ಪತ್ರೆ ನೋಡಿ. ನನ್ನ ತಂಗಿಯನ್ನು ಹುಡುಕಿ ಎಂದು ಇನ್ನು ಕೇಳುವುದಿಲ್ಲ. ನಿಮ್ಮ ಹದಿನೇಳನೇ ಜಾಕೆಟ್ಟನ್ನು ಹುಡುಕಿ. ಅದು ಸಿಕ್ಕಿದ ಕಡೆ, ದಯವಿಟ್ಟು, ಅದನ್ನು ಬಿಚ್ಚಿಕೊಳ್ಳುವ ಮೊದಲು ನನಗೆ ಹೇಳಿಕಳಿಸಿ.

ಇಂತಿ,
ಸರ್ಕಾರಿ ಸ್ವತ್ತನ್ನು ಹಿಂದಿರುಗಿಸಲಾಗದ
ಗಿರಿಜೆಯ ಅಣ್ಣ ಗುರುಶಾಂತಪ್ಪ
ಜೆ.ಪಿ. ನಗರ, ಬೆಂಗಳೂರು